ಮರೋಲ್, ನೆರೂಲ್, ಮಾಟುಂಗಾ: ಕೆಲಸದ ಮೇಲೆ ಮುಂಬೈಗೆ ಬಂದರೆ ಎಲ್ಲಿರಬೇಕು?

ಆಫೀಸಿನವರು ಆರೇಳು ತಿಂಗಳಿಗೆ ಅಂತ ಮುಂಬೈಗೆ ಕಳಿಸಿದರೆ ಮೊದಲು ಏಳುವ ಪ್ರಶ್ನೆ ಇರುವುದೆಲ್ಲಿ ಅನ್ನುವುದು. ನಾನು ಶಿವಮೊಗ್ಗದವಳು. ಕೆಲಸ ಅಂಧೇರಿ ಪೂರ್ವದ ಮರೋಲ್‌ನಲ್ಲಿ. ಇಲ್ಲಿಗೆ ಬಂದ ಮೇಲೆ ಮೂರು ಕಡೆ ಇದ್ದು ನೋಡಿದೆ. ಮೊದಲು ಆಫೀಸ್ ಹತ್ತಿರದ ಸರ್ವಿಸ್ ಅಪಾರ್ಟ್‌ಮೆಂಟ್. ಆಮೇಲೆ ನವಿ ಮುಂಬೈನ ನೆರೂಲ್‌ನಲ್ಲಿ ಸಹೋದ್ಯೋಗಿ ಜೊತೆ ಫ್ಲ್ಯಾಟ್. ಈಗ ಮಾಟುಂಗಾದ ಒಂದು ಪಿಜಿ. ಮೂರರಲ್ಲಿ ಕೋಣೆ ತೀರಾ ಚಿಕ್ಕದಿರುವುದು ಮಾಟುಂಗಾದಲ್ಲಿ. ಆದರೂ ಯಾರಾದರೂ ಕೇಳಿದರೆ ನಾನು ಮಾಟುಂಗಾ ಅಂತಲೇ ಹೇಳುತ್ತೇನೆ.

ಎಲ್ಲರೂ ಕೊಡುವ ಸಲಹೆ ಒಂದೇ: ಆಫೀಸ್ ಹತ್ತಿರ ಮನೆ ಮಾಡಿ, ಮುಂಬೈನಲ್ಲಿ ಓಡಾಟ ಕಷ್ಟ. ವರ್ಷಗಟ್ಟಲೆ ಇರುವವರಿಗೆ, ಮನೆಯವರೆಲ್ಲ ಜೊತೆಗಿರುವವರಿಗೆ ಇದು ಸರಿ ಇರಬಹುದು. ಒಬ್ಬರೇ ಬಂದವರಿಗೆ ಹಗಲು ಹೇಗೋ ಕಳೆಯುತ್ತದೆ, ಕೆಲಸ ಇರುತ್ತದಲ್ಲ. ಕಷ್ಟ ಶುರುವಾಗುವುದು ಸಂಜೆ ಏಳರ ಮೇಲೆ, ಮತ್ತೆ ಭಾನುವಾರ. ಆ ಹೊತ್ತು ಎಲ್ಲಿ ಚೆನ್ನಾಗಿ ಕಳೆಯುತ್ತದೆ ಅನ್ನುವುದನ್ನು ನೋಡಿ ಜಾಗ ಆರಿಸಬೇಕು.

ಮರೋಲ್ ವಿಷಯ ಬೇಗ ಮುಗಿಸುತ್ತೇನೆ. ಗುರುತಿನ ಚೀಟಿ ತೋರಿಸಿದರೆ ಸಾಕು, ಕೀಲಿ ಕೈಗೆ ಬರುತ್ತದೆ. ದಿನಾ ಕಸ ಗುಡಿಸುತ್ತಾರೆ. ಗೀಸರ್, ವೈಫೈ, ವಾಷಿಂಗ್ ಮೆಷಿನ್ ಎಲ್ಲ ಇದೆ. ಆಫೀಸಿಗೆ ನಡೆದೇ ಹೋಗಬಹುದು. ರಾತ್ರಿ ಮೀಟಿಂಗ್ ತಡವಾದರೂ ಹೆದರಿಕೆ ಇಲ್ಲ. ಆದರೆ ಒಂದು ತಿಂಗಳ ಬಾಡಿಗೆಯಲ್ಲಿ ಪಿಜಿಯಲ್ಲಿ ಮೂರು ತಿಂಗಳು ಇರಬಹುದು. ಅಡುಗೆಮನೆ ಅಂದರೆ ಒಂದು ಇಂಡಕ್ಷನ್ ಒಲೆ, ಎರಡು ಪಾತ್ರೆ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಕಿಟಕಿ ತೆರೆದಿಟ್ಟರೆ ಫೋನಿನಲ್ಲಿ ಅಮ್ಮನ ಮಾತು ಕೇಳುವುದಿಲ್ಲ. ಶನಿವಾರ ಸಂಜೆ ಹೊರಗೆ ಬಂದರೆ ಮೆಟ್ರೊ ಕಂಬಗಳು, ಮುಚ್ಚಿದ ಆಫೀಸುಗಳು, ಲಾರಿಗಳು. ನಾನು ಇಳಿದುಕೊಂಡಿದ್ದ ಕಡೆ ಎದುರು ಕೋಣೆಯಲ್ಲಿ ಯಾರಿದ್ದಾರೆ ಅಂತ ಕೊನೆವರೆಗೂ ಗೊತ್ತಾಗಲಿಲ್ಲ. ಎರಡು ಮೂರು ವಾರದ ಕೆಲಸಕ್ಕೆ ಬಂದವರು ಬೇರೆ ಯೋಚನೆ ಮಾಡದೆ ಇಂಥ ಕಡೆ ಇರಿ. ಅದಕ್ಕಿಂತ ಜಾಸ್ತಿ ಬೇಡ.

ನೆರೂಲ್ ಬೇರೆಯೇ ಲೋಕ. ಸಿಡ್ಕೊ ಅನ್ನುವ ಸರ್ಕಾರಿ ಸಂಸ್ಥೆ ಯೋಜನೆ ಮಾಡಿ ಕಟ್ಟಿದ ಊರು, ಸೆಕ್ಟರ್ ಲೆಕ್ಕದಲ್ಲಿ ವಿಳಾಸ. ರಸ್ತೆ ಅಗಲ, ಮರ ಜಾಸ್ತಿ, ಮನೆಯೊಳಗೆ ಗಾಳಿ ಬೆಳಕು ಧಾರಾಳ. ನೀರಿಗೂ ಪರದಾಟ ಇರಲಿಲ್ಲ. ನವಿ ಮುಂಬೈ ಪಾಲಿಕೆಗೆ ಮೊರ್ಬೆ ಅನ್ನುವ ಸ್ವಂತ ಅಣೆಕಟ್ಟೇ ಇದೆ. ಚಳಿಗಾಲದಿಂದ ಬೇಸಿಗೆವರೆಗೆ ಖಾಡಿಯ, ಅಂದರೆ ಕಡಲ ಹಿನ್ನೀರಿನ ಕಡೆ ರಾಜಹಂಸಗಳು ಬರುತ್ತವೆ. ನೀರಿನ ಮೇಲೆ ಗುಲಾಬಿ ಬಣ್ಣ ಚೆಲ್ಲಿದಷ್ಟು ಹಕ್ಕಿಗಳು. ಅದೊಂದನ್ನು ನೋಡಲು ಈಗಲೂ ಬಿಡುವಾದಾಗ ಹೋಗುತ್ತೇನೆ. ನಮ್ಮ ಕರಾವಳಿಯ ಕುಟುಂಬಗಳೂ ಅಲ್ಲಿ ಬೇಕಾದಷ್ಟಿವೆ. ಕೆಳಗಿನ ಅಂಗಡಿಯಲ್ಲಿ ತುಳು ಕಿವಿಗೆ ಬೀಳುತ್ತಿತ್ತು.

ಹಾಗಿದ್ದರೆ ಬಿಟ್ಟಿದ್ದು ಯಾಕೆ? ಬೆಳಗಿನ ಪ್ರಯಾಣ. ನೆರೂಲ್‌ನಿಂದ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಕುರ್ಲಾ, ಅಲ್ಲಿ ಸೇತುವೆ ಹತ್ತಿ ಇಳಿದು ಸೆಂಟ್ರಲ್ ಲೈನಿನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೊ 1ರಲ್ಲಿ ಮರೋಲ್ ನಾಕಾ. ಮೂರು ಗಾಡಿ, ಮೂರು ಕಡೆ ನೂಕಾಟ. ವಾಶಿ ಸೇತುವೆ ದಾಟುವಾಗ ಗಾಳಿ ಚೆನ್ನಾಗಿ ಬರುತ್ತದೆ, ಆದರೆ ಕೈ ಎತ್ತಿ ಮುಖ ಒರೆಸಿಕೊಳ್ಳಲೂ ಜಾಗ ಇರುವುದಿಲ್ಲ. ಮಹಿಳೆಯರ ಡಬ್ಬಿಯಲ್ಲಿ ಒಂದು ಪದ್ಧತಿ ಇದೆ. ಹತ್ತಿದ ಕೂಡಲೇ ಕೂತವರನ್ನೆಲ್ಲ "ಎಲ್ಲಿ ಇಳೀತೀರಿ?" ಅಂತ ಕೇಳಬೇಕು. ಬೇಗ ಇಳಿಯುವವರ ಸೀಟು ಮೊದಲು ಕೇಳಿದವರಿಗೆ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರು ಒರಗಿ ಕೂರುವುದಕ್ಕೆ ಫೋರ್ತ್ ಸೀಟ್ ಅನ್ನುತ್ತಾರೆ. ಇದೆಲ್ಲ ಬೇಗ ರೂಢಿಯಾಗುತ್ತದೆ, ಆ ಹೆಂಗಸರು ಕಲಿಸಿಕೊಡುವುದೂ ಪ್ರೀತಿಯಿಂದಲೇ. ಆದರೆ ಸಂಜೆ ಮನೆ ಮುಟ್ಟುವ ಹೊತ್ತಿಗೆ ಆ ಅಗಲದ ರಸ್ತೆಯಲ್ಲಿ ನಡೆಯುವ ಶಕ್ತಿ ಉಳಿದಿರುವುದಿಲ್ಲ. ಚೆಂದದ ಮನೆಗೆ ನಾನು ಹೋಗುತ್ತಿದ್ದದ್ದು ಬರೀ ಮಲಗಲಿಕ್ಕೆ.

ಮಾಟುಂಗಾದಿಂದಲೂ ಆಫೀಸ್ ದೂರವೇ ಅಲ್ವಾ ಅಂತ ಕೇಳುತ್ತಾರೆ. ದೂರವೇ. ಆದರೆ ಇಲ್ಲಿ ದಿಕ್ಕು ಮುಖ್ಯ. ಬೆಳಿಗ್ಗೆ ಲೋಕಲ್ ರೈಲಿನ ಜನ ಹೆಚ್ಚಾಗಿ ದಕ್ಷಿಣಕ್ಕೆ ಬರುತ್ತಾರೆ, ಸಂಜೆ ಉತ್ತರಕ್ಕೆ ಮರಳುತ್ತಾರೆ. ನಾನು ಬೆಳಿಗ್ಗೆ ಉತ್ತರಕ್ಕೆ ಹೋಗುತ್ತೇನೆ. ಸಯನ್, ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್, ಅಷ್ಟೇ. ಎಷ್ಟೋ ಸಲ ಕೂತೇ ಹೋಗಿದ್ದೇನೆ. ಘಾಟ್ಕೋಪರ್ ಮೆಟ್ರೊದಲ್ಲಿ ರಶ್ ತಪ್ಪಿದ್ದಲ್ಲ, ಆದರೆ ನಾಲ್ಕನೇ ಸ್ಟೇಷನ್ನಿಗೆ ಮರೋಲ್ ನಾಕಾ ಬಂದೇಬಿಡುತ್ತದೆ. ನಿಮ್ಮ ಆಫೀಸ್ ಎಲ್ಲೇ ಇರಲಿ, ಮನೆ ಹುಡುಕುವ ಮೊದಲು ಬೆಳಗಿನ ಜನ ಯಾವ ಕಡೆ ಹರಿಯುತ್ತಾರೆ ಅಂತ ನೋಡಿ. ಅವರಿಗೆ ಎದುರು ದಿಕ್ಕಿನಲ್ಲಿ ಓಡಾಡುವಂತಿದ್ದರೆ ಹತ್ತು ಕಿಲೋಮೀಟರ್ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಅನುಕೂಲ: ಇಲ್ಲಿ ನಡೆದು ಮುಟ್ಟುವಷ್ಟರಲ್ಲಿ ಮೂರು ಲೈನಿನ ಸ್ಟೇಷನ್‌ಗಳಿವೆ. ಸೆಂಟ್ರಲ್‌ಗೆ ಮಾಟುಂಗಾ, ವೆಸ್ಟರ್ನ್‌ಗೆ ಮಾಟುಂಗಾ ರೋಡ್, ಹಾರ್ಬರ್‌ಗೆ ಕಿಂಗ್ಸ್ ಸರ್ಕಲ್. ಭಾನುವಾರ ಹಳಿ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕಿನಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಸೆಂಟ್ರಲ್‌ನ ಮಾಟುಂಗಾ ಸ್ಟೇಷನ್ 2017ರಿಂದ ಪೂರ್ತಿ ಮಹಿಳೆಯರೇ ನಡೆಸುವ ಸ್ಟೇಷನ್, ದೇಶದಲ್ಲೇ ಮೊದಲನೆಯದು. ಟಿಕೆಟ್ ಕೊಡುವವರು, ರೈಲ್ವೆ ಪೊಲೀಸ್, ಸ್ಟೇಷನ್ ಮ್ಯಾನೇಜರ್ ಎಲ್ಲರೂ ಹೆಂಗಸರು. ರಾತ್ರಿ ಒಬ್ಬಳೇ ಇಳಿಯುವಾಗ ಅದರಿಂದ ಎಷ್ಟು ಧೈರ್ಯ ಬರುತ್ತದೆ ಅನ್ನುವುದು ಇಳಿದವರಿಗೇ ಗೊತ್ತು. ಆಟೊ ಮಾತ್ರ ಇಲ್ಲಿ ಓಡುವುದಿಲ್ಲ. ಆಟೊಗಳೆಲ್ಲ ಬಾಂದ್ರಾ, ಸಯನ್ ಹತ್ತಿರವೇ ನಿಲ್ಲುತ್ತವೆ. ಇಲ್ಲಿ ಕಾಲಿ ಪೀಲಿ ಟ್ಯಾಕ್ಸಿ. ಮೀಟರ್ ಹಾಕುತ್ತಾರೆ. 2025ರ ಫೆಬ್ರವರಿಯಿಂದ ಕನಿಷ್ಠ ದರ 31 ರೂಪಾಯಿ. ಚೌಕಾಸಿ ಮಾಡಿಯೇ ಆಟೊ ಹತ್ತುವ ನಮಗೆ ಇದು ದೊಡ್ಡ ನೆಮ್ಮದಿ.

ಇನ್ನು ಊಟ. ಮರೋಲ್‌ನಲ್ಲಿ ದಿನಾ ತರಿಸಿಕೊಂಡು ತಿಂದು ಹೊಟ್ಟೆ ಕೆಟ್ಟಿತ್ತು. ನೆರೂಲ್‌ನಲ್ಲಿ ಪೋಳಿ ಭಾಜಿ ಕೇಂದ್ರದಿಂದ ಚಪಾತಿ, ಪಲ್ಯ ತಂದು ಅನ್ನ ನಾವೇ ಮಾಡುತ್ತಿದ್ದೆವು. ರುಚಿಯಾಗಿಯೇ ಇತ್ತು, ಅಗ್ಗ ಕೂಡ. ಆದರೆ ಮಾಟುಂಗಾದ ಊಟದ ಮುಂದೆ ಎರಡೂ ನಿಲ್ಲುವುದಿಲ್ಲ. ಸ್ಟೇಷನ್ ಎದುರು ಮಹಡಿ ಹತ್ತಿದರೆ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಬಾಳೆ ಎಲೆ ಹಾಕಿಸಿಕೊಂಡು ಉಣ್ಣಬಹುದು, ಸೋಮವಾರ ರಜೆ. ಕೆಫೆ ಮೈಸೂರು, ರಾಮ್ ಆಶ್ರಯ, ಕೆಫೆ ಮದ್ರಾಸ್ ಎಲ್ಲ ಆಚೀಚೆ ಕಾಲದವೇ. ಭಾನುವಾರ ಬೆಳಿಗ್ಗೆ ಇವುಗಳ ಮುಂದೆ ಹೆಸರು ಬರೆಸಿ ಕಾಯಬೇಕು. ವಾರದ ದಿನ ಆಫೀಸಿಗೆ ಹೋಗುವ ಮುಂಚೆ ಹೋದರೆ ನಿರಾಳವಾಗಿ ಇಡ್ಲಿ ತಿಂದು ಬರಬಹುದು.

ಹೋಟೆಲಿಗಿಂತ ನನಗೆ ಹೆಚ್ಚು ಇಷ್ಟವಾದದ್ದು ಮಾರ್ಕೆಟ್. ಬಾಳೆ ಎಲೆ, ಕರಿಬೇವು, ಮಂಗಳೂರು ಸೌತೆ, ದಂಡೆ ಕಟ್ಟಿದ ಮಲ್ಲಿಗೆ. ಕಾಫಿ ಪುಡಿ ಅಂಗಡಿಯಲ್ಲಿ ಚಿಕೋರಿ ಎಷ್ಟು ಬೇಕು ಅಂತ ಕೇಳಿ ಎದುರಿಗೇ ಬೀಸಿ ಕೊಡುತ್ತಾರೆ. ಹೂವಿನ ಅಂಗಡಿಯ ಅಜ್ಜಿ ಮೊದಲ ವಾರವೇ ನನ್ನ ಹಿಂದಿ ಕೇಳಿ, "ಯಾವೂರಮ್ಮ ನಿಂದು?" ಅಂದರು. ಕೆಲಸ ಮುಗಿಸಿ ಬಂದು ಈ ಬೀದಿಯಲ್ಲಿ ಒಂದು ಸುತ್ತು ಸುಮ್ನೆ ನಡೆದರೆ ಸಾಕು, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಭಾನುವಾರಕ್ಕೂ ದಾರಿ ಇದೆ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಮಾಟುಂಗಾದಲ್ಲೇ ಇದೆ. ಮಾಟುಂಗಾ ರೋಡ್ ದಾಟಿದರೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ನಾಟಕ, ಸಂಗೀತ, ಪುಸ್ತಕ ಬಿಡುಗಡೆ, ಏನಾದರೊಂದು ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಊರಿನ ಮೇಳಗಳ ತಿರುಗಾಟ ನಿಂತಿರುತ್ತದಲ್ಲ, ಆಗ ಯಕ್ಷಗಾನ ಕಲಾವಿದರು ಮುಂಬೈಗೆ ಬರುತ್ತಾರೆ. ಊರಲ್ಲಿದ್ದಾಗ ನೋಡಲು ಬಿಡುವಾಗದ ತಾಳಮದ್ದಳೆಯನ್ನು ಇಲ್ಲಿ ಕೂತು ಕೇಳಿದೆ. ಪಕ್ಕದಲ್ಲಿ ಕೂತವರೊಬ್ಬರು ಬಿಡುವಿನಲ್ಲಿ ಚಹಾ ತಂದುಕೊಟ್ಟು, "ಹಬ್ಬಕ್ಕೆ ಒಬ್ಬಳೇ ಇರಬೇಡ, ನಮ್ಮ ಮನೆಗೆ ಬಾ" ಅಂತ ನಂಬರ್ ಕೊಟ್ಟರು. ಚೌತಿಗೆ ಹೋಗಿ ಊಟ ಮಾಡಿಕೊಂಡು ಬಂದೆ.

ಹಣ, ಕಾಗದದ ವಿಚಾರ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರಿಗೆ ಇಲ್ಲಿನ ಡಿಪಾಸಿಟ್ ಹಗುರ ಅನಿಸುತ್ತದೆ. ಆದರೆ ಫ್ಲ್ಯಾಟ್ ಹಿಡಿದರೆ ಬ್ರೋಕರಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಹೋಗುತ್ತದೆ. ಲೀವ್ ಅಂಡ್ ಲೈಸೆನ್ಸ್ ಅನ್ನುವ ಬಾಡಿಗೆ ಕರಾರು ಹೆಚ್ಚಾಗಿ 11 ತಿಂಗಳದು. ಮಹಾರಾಷ್ಟ್ರದಲ್ಲಿ ಅದನ್ನು ನೋಂದಣಿ ಮಾಡಿಸಲೇಬೇಕು, 1999ರ ಬಾಡಿಗೆ ಕಾಯ್ದೆಯಂತೆ ಆ ಜವಾಬ್ದಾರಿ ಮನೆ ಮಾಲೀಕರದು. ಮಧ್ಯೆ ಬಿಡಬೇಕಾಗಬಹುದು ಅನ್ನುವವರು ಲಾಕ್ ಇನ್, ಅಂದರೆ ಮನೆ ಬಿಡುವಂತಿಲ್ಲದ ಅವಧಿ, ಎಷ್ಟು ತಿಂಗಳು ಅಂತ ಓದಿಯೇ ಸಹಿ ಹಾಕಿ. ಪಿಜಿಗೆ ಈ ತಲೆನೋವಿಲ್ಲ. ಬದಲಿಗೆ ರಾತ್ರಿ ಗೇಟು ಮುಚ್ಚುವ ಹೊತ್ತು, ಗೆಳತಿಯರನ್ನು ಕರೆತರಬಾರದು ಅನ್ನುವ ನಿಯಮ, ನೀರು ಬರುವ ಹೊತ್ತು ಇವಕ್ಕೆ ಹೊಂದಿಕೊಳ್ಳಬೇಕು. ನಮ್ಮಲ್ಲಿ ಪಾಲಿಕೆ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಬಟ್ಟೆ ಒಗೆಯುವುದು ಆಗಲೇ.

ಮಾಟುಂಗಾದ ದೊಡ್ಡ ಕೊರತೆ ಮಳೆ. ಜೋರು ಮಳೆಗೆ ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಹತ್ತಿರ ಮೊಣಕಾಲುದ್ದ ನೀರು ನಿಲ್ಲುತ್ತದೆ. ಸಯನ್, ಕುರ್ಲಾ ನಡುವೆ ಹಳಿ ಮುಳುಗಿದರೆ ಸೆಂಟ್ರಲ್ ಲೈನ್ ನಿಂತಿತು ಅಂತಲೇ ಲೆಕ್ಕ. ಕುರ್ಲಾ, ಚುನಾಭಟ್ಟಿ ಮುಳುಗಿದರೆ ನೆರೂಲ್‌ನವರಿಗೂ ಇದೇ ಪಾಡು. ಆ ದಿನಗಳಲ್ಲಿ ಮರೋಲ್‌ನವರೇ ಪುಣ್ಯವಂತರು. ಈಗ ಒಂದು ಬೇರೆ ದಾರಿಯೂ ಆಗಿದೆ. 2025ರ ಅಕ್ಟೋಬರ್‌ನಲ್ಲಿ ಮೆಟ್ರೊ 3 ಕಫ್ ಪರೇಡ್‌ವರೆಗೆ ಪೂರ್ತಿ ತೆರೆಯಿತು. ಪಕ್ಕದ ದಾದರ್‌ನಲ್ಲಿ ಹತ್ತಿದರೆ ನೆಲದಡಿಯಲ್ಲೇ ನೇರ ಮರೋಲ್ ನಾಕಾ. ಬಟ್ಟೆ ಒಣಗದ ತೊಂದರೆ ಮಾತ್ರ ಮೂರೂ ಕಡೆ ಒಂದೇ. ಜೂನ್‌ಗೆ ಮುಂಚೆ ಬೇಗ ಒಣಗುವ ಕುರ್ತಾಗಳನ್ನು ಇಟ್ಟುಕೊಳ್ಳಿ. ಕೋಣೆಯನ್ನು ಮೊದಲ ಮಹಡಿಯಲ್ಲೋ ಅದಕ್ಕಿಂತ ಮೇಲೋ ಹಿಡಿಯಿರಿ.

ಗಂಡ, ಮಕ್ಕಳು ಜೊತೆಗೆ ಬರುವುದಾದರೆ, ಅಥವಾ ವಾರಕ್ಕೆ ಎರಡು ದಿನ ಮಾತ್ರ ಆಫೀಸ್ ಇದ್ದರೆ, ನೆರೂಲ್ ಆರಿಸಿ. ಅಷ್ಟು ಬಾಡಿಗೆಗೆ ಅಂಥ ಮನೆ ಮಾಟುಂಗಾದಲ್ಲಿ ಕನಸು. ಒಬ್ಬರೇ ಬರುವವರು ಮಾಟುಂಗಾದಲ್ಲಿ ಕೋಣೆ ಹುಡುಕುವುದಾದರೆ ಏಪ್ರಿಲ್, ಮೇನಲ್ಲೇ ಶುರು ಮಾಡಿ. ರುಯಿಯಾ, ಪೊದಾರ್, ಖಾಲ್ಸಾ, ವಿಜೆಟಿಐ ಕಾಲೇಜುಗಳೆಲ್ಲ ಇಲ್ಲೇ ಇವೆ. ಅಡ್ಮಿಷನ್ ಶುರುವಾದ ಮೇಲೆ ಒಂದು ಹಾಸಿಗೆಯೂ ಖಾಲಿ ಸಿಗುವುದಿಲ್ಲ.