ಅಟ್ಟದ ಇಲಿಗೆ ಯಾವ ಪೆಲೆಟ್? ನಾಲ್ಕು ಮೂತಿ, ಎರಡು ಮಳೆಗಾಲ

ಎರಡು ವರ್ಷದ ಹಿಂದೆ, ಮಳೆ ಹಿಡಿದ ಮೇಲೆ, ಅಟ್ಟದಿಂದ ಚಾಲಿ ಅಡಿಕೆಯ ಗೋಣಿ ಇಳಿಸುತ್ತಿದ್ದೆವು. ಮೂರು ಗೋಣಿ ಎತ್ತುವಾಗಲೇ ಹಗುರ. ತಳದಲ್ಲಿ ಮುಷ್ಟಿ ತೂರುವಷ್ಟು ತೂತು, ಸುತ್ತ ಇಲಿ ಹಿಕ್ಕೆ, ಅಡಿಕೆಯೆಲ್ಲ ಹಲಗೆಯ ಸಂದಿಯಲ್ಲಿ. ಪಕ್ಕದ ಬುಟ್ಟಿಯ ಕೊಬ್ಬರಿ ಅರ್ಧಕ್ಕರ್ಧ ಖಾಲಿ. ವರ್ಷವಿಡೀ ದುಡಿದದ್ದು ಹೀಗೆ ಹೋದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಮನೆಯಲ್ಲಿ ನಾಯಿ ಇದೆ, ಹಳೇ ಹಟ್ಟಿಯ ಮಾಡಿನಲ್ಲಿ ಒಂದು ಜೋಡಿ ಗೂಗೆ ಇದೆ. ವಿಷ ತಿಂದ ಇಲಿಯನ್ನು ಗೂಗೆ ಹಿಡಿದರೆ ಗೂಗೆಗೂ ಆಪತ್ತು. ಹಾಗಾಗಿ ಅಟ್ಟದಲ್ಲಿ ವಿಷ ಬೇಡ ಎಂದು ಅಮ್ಮ ಖಂಡಿತವಾಗಿ ಹೇಳಿದರು. ಬೋನಿಗೆ ಮೊದಲ ವಾರ ನಾಲ್ಕು ಬಿದ್ದವು, ಆಮೇಲೆ ಒಂದೂ ಹತ್ತಿರ ಬರಲಿಲ್ಲ. ಕೊನೆಗೆ ಏರ್‌ಗನ್ ಹಿಡಿದೆ. ಆಗ ಎದ್ದ ಪ್ರಶ್ನೆಯೇ ಈ ಬರಹ: ಯಾವ ಪೆಲೆಟ್, ಅಂದರೆ ಏರ್‌ಗನ್ನಿನ ಸೀಸದ ಸಣ್ಣ ಗುಂಡು, ಹಾಕುವುದು?

ಮೊದಲು ಕಾನೂನಿನ ಮಾತು ಮುಗಿಸುತ್ತೇನೆ. 2016ರ ಆಯುಧ ನಿಯಮಗಳ ಪ್ರಕಾರ .177 ಇಂಚು, ಅಂದರೆ 4.5 ಮಿ.ಮೀ. ಬಾಯಿಯ, ಪೆಟ್ಟಿನ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ನನ್ನದು ಅದೇ, ನಳಿಗೆ ಮಡಚಿ ತುಂಬಿಸುವ ಸ್ಪ್ರಿಂಗಿನದು. ಪರವಾನಗಿ ಬೇಡ ಅಂದ ಮಾತ್ರಕ್ಕೆ ಕಂಡದ್ದಕ್ಕೆಲ್ಲ ಹೊಡೆಯಬಹುದು ಅಂತಲ್ಲ. ನವಿಲು, ಮಂಗ, ಕೆಂದಳಿಲು ಎಲ್ಲ 1972ರ ವನ್ಯಜೀವಿ ಕಾಯ್ದೆಯೊಳಗೆ ಬರುತ್ತವೆ. ಎಷ್ಟು ಎಳನೀರು ಕೆಡವಿದರೂ ಮಂಗನ ಕಡೆ ಕೋವಿ ತಿರುಗಿಸಬೇಡಿ. ಕಾಡುಹಂದಿಯ ದಾರಿಯೇ ಬೇರೆ. 2022ರಲ್ಲಿ ಕೇರಳ ಸರಕಾರ ಅದನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿಗೆ ಕೊಟ್ಟಿದೆ, ಹೊಡೆಯುವವರು ಪರವಾನಗಿ ಕೋವಿ ಇರುವವರು. ನಾನು ಹೇಳುತ್ತಿರುವುದು ಮನೆ ಇಲಿಯ ವಿಷಯ ಮಾತ್ರ.

ಮಂಗಳೂರಿನಿಂದ ನಾಲ್ಕು ಡಬ್ಬಿ ತಂದೆ: ಚಪ್ಪಟೆ ಮೂತಿ, ಚೂಪು ಮೂತಿ, ದುಂಡು ಮೂತಿ, ತೂತು ಮೂತಿ. ಡಬ್ಬಿಯ ಮೇಲೆ ತೂಕ ಗ್ರೇನ್ ಲೆಕ್ಕದಲ್ಲಿ ಇರುತ್ತದೆ. ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ. ನನ್ನ ಚಪ್ಪಟೆಯದು 7 ಗ್ರೇನ್, ದುಂಡಿನದು 8.4, ಉಳಿದೆರಡು 8ರ ಆಸುಪಾಸು. ಯಾವುದೂ ಅರ್ಧ ಗ್ರಾಂನಿಂದ ಹೆಚ್ಚುಕಮ್ಮಿ ದೂರವಿಲ್ಲ. ಆದರೆ ನಡತೆ ಮಾತ್ರ ಒಂದರಂತೆ ಒಂದಿಲ್ಲ.

ಒಂದು ಪೆಲೆಟನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ. ನಡು ಸಣ್ಣ, ಹಿಂದೆ ಲಂಗದ ಹಾಗೆ ಅರಳಿ ಒಳಗೆ ಟೊಳ್ಳು. ಗಾಳಿ ಒತ್ತಿದಾಗ ಆ ಲಂಗ ಹಿಗ್ಗಿ ನಳಿಗೆಯ ಒಳಗಿನ ಸುರುಳಿ ಗೆರೆಗಳಿಗೆ ಅಂಟಿಕೊಳ್ಳುತ್ತದೆ, ಪೆಲೆಟ್ ಬುಗುರಿಯಂತೆ ತಿರುಗುತ್ತಾ ಹೊರಡುತ್ತದೆ. ಸೀಸ ಮೆತ್ತಗಿರುವುದೂ ಇದಕ್ಕೇ. ಡಬ್ಬಿಯಲ್ಲಿ ಲಂಗ ಅಪ್ಪಚ್ಚಿಯಾದ ನಾಲ್ಕೈದು ಸಿಕ್ಕೇ ಸಿಗುತ್ತವೆ. ಅವನ್ನು ಆರಿಸಿ ಪಕ್ಕಕ್ಕೆ ಹಾಕಿ. ಗುರಿ ಹಾಳಾಗುವುದು ಅದರಿಂದಲೂ.

ಅಡಿಕೆ ಹಾಳೆಯ ಮೇಲೆ ಇದ್ದಿಲಿನಿಂದ ಬೊಟ್ಟು ಇಟ್ಟು 10 ಮೀಟರಿನಿಂದ ಐದೈದು ಹೊಡೆದೆ, ಆಮೇಲೆ 25 ಮೀಟರಿನಿಂದ. ಪೆಲೆಟ್ ಬದಲಾಯಿಸಿದಾಗಲೆಲ್ಲ ಮೊದಲ ಹತ್ತು ಹದಿನೈದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಳಿಗೆ ಹೊಸ ಸೀಸಕ್ಕೆ ಹೊಂದಿಕೊಳ್ಳಲು ಅಷ್ಟು ಬೇಕು. ಸ್ಪ್ರಿಂಗ್ ಕೋವಿಯನ್ನು ಬಿಗಿಯಾಗಿ ಅಪ್ಪಿ ಹಿಡಿದರೆ ಪೆಟ್ಟು ಚೆದರುತ್ತದೆ. ಎಡ ಅಂಗೈ ಮೇಲೆ ಸುಮ್ನೆ ಇಟ್ಟು, ಅದು ಕುಲುಕುವಷ್ಟು ಕುಲುಕಲಿ ಎಂದು ಬಿಟ್ಟುಬಿಡಬೇಕು.

10 ಮೀಟರಿನಲ್ಲಿ ಚಪ್ಪಟೆ ಮೂತಿಯ ಐದೂ ಪೆಟ್ಟನ್ನು ಒಂದು ರೂಪಾಯಿಯ ನಾಣ್ಯ ಮುಚ್ಚಿತು. ಪಂಚಿಂಗ್ ಯಂತ್ರ ಒತ್ತಿದ ಹಾಗೆ ಹಾಳೆಯಲ್ಲಿ ಚೊಕ್ಕ ದುಂಡು ತೂತು. 10 ಮೀಟರ್ ಸ್ಪರ್ಧೆಯವರು ಇದನ್ನೇ ಹಾಕುವುದು ಈ ಚೊಕ್ಕ ತೂತಿಗಾಗಿಯೇ, ಅಂಕ ಎಣಿಸಲು ಸುಲಭ. ದುಂಡು ಮೂತಿಯದೂ ಅಷ್ಟೇ ಬಿಗಿ. ಆದರೆ 25 ಮೀಟರಿಗೆ ಹೋದಾಗ ಚಪ್ಪಟೆಯದು ಅಂಗೈಯಗಲ ಚೆದರಿತು. ಮೂತಿಗೆ ಗಾಳಿ ಹೊಡೆದು ವೇಗ ಬೇಗ ಇಳಿಯುತ್ತದೆ. ದುಂಡಿನದು ಅಲ್ಲೂ ಹತ್ತು ರೂಪಾಯಿ ನಾಣ್ಯದ ಒಳಗೇ ಉಳಿಯಿತು. ತೂತು ಮೂತಿ ನಡುವೆ ಎಲ್ಲೋ. ಚೂಪಿನದು 10 ಮೀಟರಿನಲ್ಲೇ ಒಂದೆರಡು ಹೊರಗೆ ಹಾರಿದವು. ಡಬ್ಬಿಯಲ್ಲಿ ಒಂದಕ್ಕೊಂದು ತಾಗಿ ತುದಿ ಬಾಗಿರುತ್ತದೆ, ಕನ್ನಡಕ ಹಾಕಿ ನೋಡಿದರೆ ಕಾಣುತ್ತದೆ.

ಗುರಿ ಒಂದು ಕಡೆ, ತಾಗಿದ ಮೇಲೆ ಏನಾಗುತ್ತದೆ ಎನ್ನುವುದು ಇನ್ನೊಂದು. ಅದಕ್ಕೆ ಬಟ್ಟೆ ಸಾಬೂನಿನ ಬಾರ್ ನಿಲ್ಲಿಸಿ ಹೊಡೆದು, ಚಾಕುವಿನಿಂದ ಸೀಳಿ ನೋಡಿದೆ. ಚಪ್ಪಟೆಯದು ಅರ್ಧ ಕಿರುಬೆರಳಿನಷ್ಟು ಒಳಹೋಗಿ ನಿಂತಿತ್ತು, ಹೋದ ದಾರಿ ಅಗಲ, ಮೂತಿಯಲ್ಲಿ ಸಾಬೂನು ಗುಡ್ಡೆ ಕಟ್ಟಿತ್ತು. ದುಂಡಿನದು ಇನ್ನೂ ಆಳ, ದಾರಿ ಕಿರಿದು. ಚೂಪಿನದು ಬಾರನ್ನೇ ದಾಟಿ ಹಿಂದಿನ ಹಲಗೆಗೆ ನೆಟ್ಟಿತ್ತು. ತೂತು ಮೂತಿ ಹೂವಿನ ಹಾಗೆ ಅರಳುತ್ತದೆ ಎಂದು ಡಬ್ಬಿಯ ಮೇಲೆ ಚಿತ್ರವಿತ್ತು. ನನ್ನ ಕೋವಿಯ ವೇಗಕ್ಕೆ ಅದು ಅರಳಲೇ ಇಲ್ಲ, ತುಟಿ ಸ್ವಲ್ಪ ಸೊಟ್ಟಗಾಗಿತ್ತು ಅಷ್ಟೆ. ಜಾಸ್ತಿ ದುಡ್ಡು ಕೊಟ್ಟು ಅದನ್ನು ತರುವ ಅಗತ್ಯ ನನಗೆ ಕಾಣಲಿಲ್ಲ.

ನನ್ನ ಭಾವ ಚೂಪಿನ ಪಕ್ಷ. "ಮೊನಚಾದದ್ದು ತಾನೇ ಒಳಗೆ ಹೋಗುವುದು ಭಾವ, ಇಲಿಗೆ ಅದೇ ಸರಿ," ಎಂದು ವಾದ. ಒಳಗೆ ಹೋಗುವುದು ನಿಜ. ಹೊರಗೂ ಹೋಗುತ್ತದೆ ಎನ್ನುವುದೇ ನನ್ನ ತಕರಾರು. ಮೊದಲ ಮಳೆಗಾಲದಲ್ಲಿ ಅವನ ಮಾತು ಕೇಳಿ ಅಟ್ಟದಲ್ಲಿ ಚೂಪಿನದು ಹಾಕಿದೆ. ಪಕ್ಕಾಸಿನ ಮೇಲೆ ಕೂತಿದ್ದ ಇಲಿಯ ಹೊಟ್ಟೆ ದಾಟಿ ಪೆಲೆಟ್ ಹಂಚಿಗೆ ಹೊಡೆಯಿತು. ಹಂಚು ಸೀಳಿತು, ಮರುದಿನದ ಮಳೆಗೆ ಕೆಳಗಿನ ಎರಡು ಗೋಣಿ ಒದ್ದೆ. ಆ ಇಲಿಯಾದರೂ ಅಲ್ಲೇ ಬಿತ್ತೇ ಅಂದರೆ ಅದೂ ಇಲ್ಲ. ಎಲ್ಲೋ ಸಂದಿಗೆ ನುಗ್ಗಿ, ಮೂರು ದಿನ ಬಿಟ್ಟು ವಾಸನೆ ಬಂದ ಮೇಲೆ ಸಿಕ್ಕಿತು. ಅಷ್ಟು ಹೊತ್ತು ಅದು ನರಳಿರಬೇಕು ಎಂದು ಎಣಿಸಿದಾಗ ನನಗೆ ಊಟ ಸೇರಲಿಲ್ಲ. ಕೊಲ್ಲಬೇಕಾದ ಜೀವವಾದರೂ ಅದನ್ನು ನರಳಿಸಬಾರದು. ಅಂದಿನಿಂದ ತಲೆಗಲ್ಲದೆ ಬೇರೆ ಕಡೆ ಗುರಿಯಿಟ್ಟಿಲ್ಲ, ಅಟ್ಟದಲ್ಲಿ ಚೂಪಿನದು ಹಾಕಿಯೂ ಇಲ್ಲ.

ಈಗ ಅಟ್ಟಕ್ಕೆ, ಸೌದೆ ಕೊಟ್ಟಿಗೆಗೆ ಚಪ್ಪಟೆ ಮೂತಿಯೇ. ಅಲ್ಲಿ ದೂರ ಎಂದರೆ ಆರರಿಂದ ಹನ್ನೆರಡು ಮೀಟರ್. ಇಡೀ ಮೂತಿ ಒಮ್ಮೆಗೇ ಬಡಿಯುವುದರಿಂದ ಇಲಿ ಇದ್ದಲ್ಲೇ ಬೀಳುತ್ತದೆ, ಪೆಲೆಟ್ ಹೆಚ್ಚಾಗಿ ಒಳಗೇ ಉಳಿಯುತ್ತದೆ. ಟಾರ್ಚಿನ ಬಾಯಿಗೆ ಕೆಂಪು ಪಾರದರ್ಶಕ ಕಾಗದ ಕಟ್ಟುತ್ತೇನೆ, ಕೆಂಪು ಬೆಳಕಿಗೆ ಇಲಿ ಅಷ್ಟಾಗಿ ಬೆದರುವುದಿಲ್ಲ. ಸುಟ್ಟ ಕೊಬ್ಬರಿಯ ಚೂರನ್ನು ದಪ್ಪ ಹಲಗೆಯ ಮುಂದೆ ಮೊಳೆ ಹೊಡೆದು ಇಡುತ್ತೇನೆ. ಕಚ್ಚಿಕೊಂಡು ಓಡಲು ಆಗುವುದಿಲ್ಲ, ಅಲ್ಲೇ ಕೂತು ಕೆರೆಯಬೇಕು. ಆ ಎರಡು ಕ್ಷಣ ಸಾಕು. ಇನ್ನೊಂದು ಮಾತು: ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರುತ್ತದೆ. 12 ಮೀಟರಿಗೆ ಹೊಂದಿಸಿದ ಕೋವಿಯಲ್ಲಿ 4 ಮೀಟರಿನ ಇಲಿಗೆ ಹೊಡೆದರೆ ಪೆಟ್ಟು ಸುಮಾರು ಮೂರು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಇಲಿಯ ತಲೆಯೇ ಅಷ್ಟಗಲ ಇಲ್ಲ. ಹತ್ತಿರದ್ದು ತಪ್ಪಿದರೆ ಕೈಯ ದೋಷ ಎಂದುಕೊಳ್ಳುವ ಮೊದಲು ಇದನ್ನು ನೋಡಿ.

ದುಂಡು ಮೂತಿಯ ಡಬ್ಬಿ ತೆರೆಯುವುದು ಅಂಗಳದಾಚೆ ಗೊಬ್ಬರದ ಗುಂಡಿಯ ಹೆಗ್ಗಣಕ್ಕೆ. ಜಗಲಿಯಿಂದ ಅಲ್ಲಿಗೆ 22 ಮೀಟರ್, ಹಿಂದೆ ಮಣ್ಣಿನ ಬರೆ. ಹೆಗ್ಗಣದ ಬುರುಡೆ ಗಟ್ಟಿ, ಅಷ್ಟು ದೂರದಿಂದ ಚಪ್ಪಟೆಯದನ್ನು ನಾನು ನಂಬುವುದಿಲ್ಲ. ಒಂದೇ ಡಬ್ಬಿ ಕೊಳ್ಳುವವರಿಗೆ ದುಂಡಿನದನ್ನೇ ಹೇಳುತ್ತೇನೆ. ಅಟ್ಟದಲ್ಲಿ ಅದನ್ನು ಹಾಕುವುದಾದರೆ ಇಲಿಯ ಹಿಂದೆ ಹಲಗೆ ಇದೆಯೋ ಹಂಚು ಇದೆಯೋ ನೋಡಿಕೊಳ್ಳಬೇಕು.

ತೆಂಗಿನ ಮಂಡೆಯ ಇಲಿಗೆ ಮಾತ್ರ ಯಾವ ಪೆಲೆಟೂ ಬೇಡ. ಮೇಲಕ್ಕೆ ಹೊಡೆದದ್ದು ಯಾರ ಅಂಗಳದಲ್ಲಿ ಇಳಿಯುತ್ತದೋ ಯಾರಿಗೆ ಗೊತ್ತು? ಅದಕ್ಕೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ನಮ್ಮ ಸಿಪಿಸಿಆರ್‌ಐ, ಹೇಳುವ ದಾರಿ ಇದೆ: ಐದು ಮರಕ್ಕೆ ಒಂದರಂತೆ ಮಂಡೆಯಲ್ಲಿ 10 ಗ್ರಾಂ ಬ್ರೋಮಾಡಿಯೋಲೋನ್ ಬಿಲ್ಲೆ, 12 ದಿನದ ಅಂತರದಲ್ಲಿ ಎರಡು ಸಲ. ನಮ್ಮಲ್ಲಿ ಗೂಗೆಯ ಕಾರಣಕ್ಕೆ ಅದನ್ನೂ ಇಟ್ಟಿಲ್ಲ. ಕಾಂಡಕ್ಕೆ ಎರಡು ಮೀಟರ್ ಎತ್ತರದಲ್ಲಿ ತಗಡು ಸುತ್ತಿದ್ದೇವೆ, ಗರಿ ಗರಿ ತಾಗದ ಮರಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ.

ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಪೆಲೆಟನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸವಂತೂ ಬೇಡವೇ ಬೇಡ. ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬೇಡಿ, ಮಳೆಗಾಲದ ಇಲಿಜ್ವರ ನಮ್ಮ ಕಡೆ ಜೀವ ತೆಗೆದಿದೆ. ಪೆಲೆಟ್ ಒಳಗಿರುವ ಇಲಿಯನ್ನು ನಾನು ಗೂಗೆಗೆ, ನಾಯಿಗೆ ಸಿಗದ ಹಾಗೆ ಮೊಳಕೈ ಆಳಕ್ಕೆ ಹೂಳುತ್ತೇನೆ.

ಈ ಮಳೆಗಾಲ ಅಟ್ಟದಿಂದ ಇಳಿಸಿದ ಗೋಣಿಗಳಲ್ಲಿ ಒಂದಕ್ಕೆ ಮಾತ್ರ ಮೂಲೆಯಲ್ಲಿ ಹಲ್ಲು ತಾಗಿತ್ತು. ಭಾವ ಮೊನ್ನೆ ಬಂದವನು ಚಪ್ಪಟೆ ಮೂತಿಯ ಅರ್ಧ ಡಬ್ಬಿ ಕೇಳಿ ತೆಗೆದುಕೊಂಡು ಹೋದ.