ಏಸಿಯಲ್ಲಿ ಗ್ಯಾಸ್ ಕಡಿಮೆಯಾಗಿದೆ ಎಂದವರನ್ನು ನಂಬಿ ಕಳೆದುಕೊಂಡ 3,700 ರೂಪಾಯಿ

ಬೇಸಿಗೆಗೆ ಮುನ್ನ ಏಸಿ ಸರ್ವೀಸ್ ಮಾಡಿಸಬೇಕೆಂದಿರುವ ದಾವಣಗೆರೆಯವರು ಫೋನ್ ಮಾಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದ ನಾನು, ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಅಂಗಡಿಯಲ್ಲೇ ಕುಳಿತು ಹುಡುಕುತ್ತಿದ್ದ ನಾನು, ನನ್ನದೇ ಮನೆಯ ಹಿತ್ತಲಿನಲ್ಲಿ ನಿಂತು ಬಿಲ್ಲೂ ಇಲ್ಲದೆ 3,700 ರೂಪಾಯಿ ಕೊಟ್ಟು ಮೋಸ ಹೋದೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿರುವುದು, ನಮ್ಮ ಬೀದಿಯಲ್ಲೇ ಇನ್ನೊಂದು ಮನೆಯವರು ಅದೇ ನಂಬರಿಗೆ ಫೋನ್ ಮಾಡಿದ್ದಾರೆಂದು ಮೊನ್ನೆ ತಿಳಿದದ್ದರಿಂದ.

ನಮ್ಮದು ಒಂದೂವರೆ ಟನ್ನಿನ ಇನ್ವರ್ಟರ್ ಏಸಿ, ಕೊಂಡು ಮೂರು ವರ್ಷವಾಗಿತ್ತು. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದರೆ ಹೊರಗಿನ ಯೂನಿಟ್ಟಿನ ಜಾಲರಿಯ ಮೇಲೆ ಮಸಿ ಕೂರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಶಿವರಾತ್ರಿಯ ಆಸುಪಾಸಿನಲ್ಲಿ, ತೊಳೆಸುವುದು ರೂಢಿ. ಈ ಸಲ ದುಗ್ಗಮ್ಮನ ಜಾತ್ರೆಗೆ ಬೀಗರು ಬರುವವರಿದ್ದುದರಿಂದ ಸ್ವಲ್ಪ ಅವಸರವೂ ಇತ್ತು. ವಾರಂಟಿ ಕಾರ್ಡು ಬೀರುವಿನಲ್ಲೇ ಇತ್ತು. ಅದನ್ನು ತೆಗೆದು ನೋಡುವ ಬದಲು ಮೊಬೈಲಿನಲ್ಲಿ ಕಂಪನಿಯ ಹೆಸರು ಹೊಡೆದು, ಎಲ್ಲಕ್ಕಿಂತ ಮೇಲೆ ಕಂಡ ನಂಬರಿಗೆ ಫೋನ್ ಮಾಡಿದೆ. ‘ಅಧಿಕೃತ’ ಎಂದು ಬರೆದಿತ್ತು, ಸರ್ವೀಸಿಗೆ 599 ರೂಪಾಯಿ ಎಂದೂ ಬರೆದಿತ್ತು. ನನಗೆ ಅಷ್ಟೇ ಸಾಕಾಯಿತು.

ಮರುದಿನವೇ ಇಬ್ಬರು ಹುಡುಗರು ಬಂದರು. ಕಂಪನಿಯ ಬಣ್ಣದ್ದೇ ಟೀ ಶರ್ಟು, ಬಾಯಿ ತುಂಬ ಅಂಕಲ್, ಆಂಟಿ. ಒಳಗಿನ ಯೂನಿಟ್ಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ನೊರೆ ಹೊಡೆದು ತೊಳೆದರು. ಕಪ್ಪು ನೀರು ಬಕೆಟ್ಟಿಗೆ ಇಳಿಯುವುದನ್ನು ನೋಡಿ ನನಗೂ ಸಮಾಧಾನವಾಯಿತು. ಆಮೇಲೆ ಹಿತ್ತಲಿಗೆ ಹೋಗಿ, ಹೊರಗಿನ ಯೂನಿಟ್ಟಿಗೆ ಗ್ಯಾಸಿನ ಒತ್ತಡ ತೋರಿಸುವ ಗೇಜ್ ಹಾಕುತ್ತಿದ್ದವನು, ‘ಅಂಕಲ್, ಒಂದು ಬಕೆಟ್ ನೀರು ತರ್ತೀರಾ?’ ಎಂದ. ನಾನು ತಂದೆ. ಈಗ ಯೋಚಿಸಿದರೆ ನಲ್ಲಿ ಅವನ ಪಕ್ಕದಲ್ಲೇ ಇತ್ತು.

ನಾನು ಬಕೆಟ್ ಹಿಡಿದು ಬರುವಷ್ಟರಲ್ಲಿ ಗೇಜಿನ ಮುಳ್ಳು ನಲವತ್ತರ ಹತ್ತಿರ ನಿಂತಿತ್ತು. ‘ನೋಡ್ರಿ ಅಂಕಲ್, ನೂರರ ಮೇಲೆ ಇರಬೇಕು. ಗ್ಯಾಸ್ ಖಾಲಿ ಆಗ್ತಾ ಬಂದಿದೆ. ಹಿಂಗೇ ಓಡಿಸಿದ್ರೆ ಕಂಪ್ರೆಸರ್ ಹೋಗುತ್ತೆ, ಅದು ಹೋದ್ರೆ ಹದಿನೈದು ಸಾವಿರ’ ಎಂದ. ನಾನು ಬಗ್ಗಿ ಮುಳ್ಳನ್ನು ನೋಡಿದೆ. ಅಂಕಿ ಕಂಡರೆ ನಂಬುವುದು ಲೆಕ್ಕದವರ ಹುಟ್ಟುಗುಣ. ಆ ಮುಳ್ಳು ಏಕೆ ಅಲ್ಲಿ ನಿಂತಿದೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವನು ಎಲ್ ಆಕಾರದ ಸಣ್ಣ ಅಲೆನ್ ಕೀಯೊಂದನ್ನು ಬಟ್ಟೆಯಲ್ಲಿ ಒರೆಸಿ ಜೇಬಿಗಿಟ್ಟುಕೊಂಡದ್ದನ್ನೂ ನೋಡಿದೆ, ನೋಡಿ ಸುಮ್ಮನಿದ್ದೆ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: ‘ಫ್ರಿಜ್ಜಿಗೆ ಹದಿನಾಲ್ಕು ವರ್ಷದಿಂದ ಗ್ಯಾಸ್ ತುಂಬಿಸಿಲ್ವಲ್ಲ ರೀ, ಇದಕ್ಕೆ ಮೂರು ವರ್ಷಕ್ಕೇ ಹೆಂಗೆ ಖಾಲಿ ಆಯ್ತು?’ ಆ ಹುಡುಗ ಉತ್ತರಿಸುವ ಮೊದಲೇ ನಾನು, ‘ನಿನಗೆ ಗೊತ್ತಾಗಲ್ಲ, ಸುಮ್ನಿರು’ ಎಂದುಬಿಟ್ಟೆ. ಹಣಕ್ಕಿಂತ ಹೆಚ್ಚಾಗಿ ಈ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಅವರು ಸಣ್ಣ ಸಿಲಿಂಡರ್ ತಂದು ಪೈಪು ಜೋಡಿಸಿದರು, ಬುಸ್ ಎಂಬ ಸದ್ದು ಬಂತು, ಗೇಜ್ ಹಾಕಿದವನು ಯೂನಿಟ್ಟಿಗೆ ಬೆನ್ನು ಅಡ್ಡ ಕೊಟ್ಟು ಏನೋ ತಿರುಗಿಸಿದ, ಮುಳ್ಳು ನೂರ ಇಪ್ಪತ್ತಕ್ಕೆ ಏರಿತು. ಐದು ನಿಮಿಷದ ಕೆಲಸ. ಗ್ಯಾಸಿಗೆ 3,200, ಸರ್ವೀಸಿಗೆ 599, ಒಟ್ಟು 3,799. ಬಿಲ್ ಬೇಕೆಂದರೆ ಜಿಎಸ್‌ಟಿ ಶೇಕಡಾ 18 ಸೇರುತ್ತದೆ ಎಂದರು. 684 ರೂಪಾಯಿ ಹೆಚ್ಚಾಗುತ್ತದೆ ಎಂದು ಕ್ಷಣದಲ್ಲಿ ಲೆಕ್ಕ ಹಾಕಿದ ನಾನೇ ‘ಬಿಲ್ ಬೇಡ’ ಎಂದೆ. ಅಷ್ಟು ಸಾಲದೆ ಚೌಕಾಸಿ ಮಾಡಿ 99 ರೂಪಾಯಿ ಬಿಡಿಸಿಕೊಂಡೆ. ಗೆದ್ದೆನೆಂಬ ಹೆಮ್ಮೆಯಲ್ಲಿ ಆ ಹುಡುಗರಿಗೆ ಚಹಾ ಬೇರೆ ಕುಡಿಸಿ ಕಳಿಸಿದೆ.

ಜಾತ್ರೆಯ ರಾತ್ರಿ ಬೀಗರನ್ನು ಏಸಿ ಕೋಣೆಯಲ್ಲೇ ಮಲಗಿಸಿದೆವು. ಎರಡು ಗಂಟೆಯ ಹೊತ್ತಿಗೆ ಒಳಗಿನ ಯೂನಿಟ್ಟಿನಿಂದ ನೀರು ತೊಟ್ಟಿಕ್ಕಿ ಅವರ ದಿಂಬು ನೆನೆಯಿತು. ತಂಪು ಮೊದಲೇ ಇರಲಿಲ್ಲ. ಅವರು ಏನೂ ಅನ್ನದೆ ಚಾಪೆ ತೆಗೆದುಕೊಂಡು ಹಜಾರಕ್ಕೆ ಬಂದು ಫ್ಯಾನಿನ ಕೆಳಗೆ ಮಲಗಿದರು.

ಬೆಳಿಗ್ಗೆ ಫೋನ್ ಮಾಡಿದೆ. ಮೊದಲ ಸಲ, ‘ಸಂಜೆ ಹುಡುಗರನ್ನ ಕಳಿಸ್ತೀನಿ ಸರ್’ ಎಂದರು. ಯಾರೂ ಬರಲಿಲ್ಲ. ಎರಡನೆಯ ದಿನ, ‘ಗ್ಯಾಸಿಗೆ ಗ್ಯಾರಂಟಿ ಇರಲ್ಲ ಸರ್, ಅದು ಗಾಳಿ ಅಲ್ವಾ’ ಎಂದರು. ಮೂರನೆಯ ದಿನ ಸಿಕ್ಕ ಉತ್ತರವನ್ನು ನಾನು ಮರೆಯುವುದಿಲ್ಲ: ‘ನಮ್ಮ ಹುಡುಗರು ನಿಮ್ಮ ಏರಿಯಾಕ್ಕೆ ಬಂದೇ ಇಲ್ವಲ್ಲ ಸರ್. ಬಿಲ್ ಇದ್ರೆ ವಾಟ್ಸಾಪ್ ಮಾಡಿ, ನೋಡೋಣ.’ ಬಿಲ್ ಇಲ್ಲ, ನಿಮ್ಮ ಹುಡುಗರೇ ಬೇಡ ಎನ್ನಿಸಿದರು ಎಂದೆ. ‘ನೀವೇ ಬೇಡ ಅಂದಿದ್ದಲ್ವಾ ಸರ್’ ಎಂದು ಫೋನ್ ಇಟ್ಟರು. ಬಂದೇ ಇಲ್ಲದ ಹುಡುಗರಿಗೆ ನಾನು ಬಿಲ್ ಬೇಡವೆಂದದ್ದು ಇವರಿಗೆ ಹೇಗೆ ಗೊತ್ತಾಯಿತು ಎಂಬುದು ಫೋನ್ ಇಟ್ಟ ಮೇಲೆ ಹೊಳೆಯಿತು.

ಆಗ ಬೀರುವಿನಿಂದ ವಾರಂಟಿ ಕಾರ್ಡು ತೆಗೆದೆ. ಅದರಲ್ಲಿದ್ದ ಟೋಲ್ ಫ್ರೀ ನಂಬರಿಗೆ ದೂರು ಕೊಟ್ಟ ಮೂರನೆಯ ದಿನ ಕಂಪನಿಯ ಮೆಕ್ಯಾನಿಕ್ ಬಂದರು, ಐವತ್ತು ದಾಟಿದ ಮಿತಭಾಷಿ. ನೀರು ತೊಟ್ಟಿಕ್ಕಿದ್ದಕ್ಕೆ ಕಾರಣ ಎರಡು ನಿಮಿಷದಲ್ಲಿ ಸಿಕ್ಕಿತು: ನೊರೆ ಹೊಡೆದು ಇಳಿಸಿದ ಕೊಳೆ ಡ್ರೇನ್ ಪೈಪಿನ ಬಾಯಲ್ಲೇ ಕಟ್ಟಿಕೊಂಡಿತ್ತು, ಪೈಪಿಗೆ ನೀರು ಬಿಟ್ಟು ಯಾರೂ ನೋಡಿರಲಿಲ್ಲ. ಹಿತ್ತಲಿಗೆ ಬಂದರೆ ಹೊರಗಿನ ಯೂನಿಟ್ಟಿನ ಸಣ್ಣ ಕೊಳವೆಯ ಮೇಲೆ ಬಿಳಿಯ ಹಿಮ ಕಟ್ಟಿತ್ತು. ಹಿತ್ತಾಳೆಯ ಮುಚ್ಚಳ ತೆಗೆದು ಒಳಗೆ ಅಲೆನ್ ಕೀ ಹಾಕಿದರು. ‘ಗ್ಯಾಸ್ ಹರಿಯೋ ವಾಲ್ವನ್ನ ಪೂರ್ತಿ ತೆರೆದೇ ಇಲ್ಲ’ ಎಂದರು. ನಾನು ಗ್ಯಾಸ್ ತುಂಬಿಸಿದ ಕಥೆ ಹೇಳಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಗೇಜ್ ಹಾಕಿ, ವಾಲ್ವನ್ನು ಪೂರ್ತಿ ತೆರೆದು, ‘ಈಗ ನೋಡಿ’ ಎಂದರು. ಮುಳ್ಳು ನೂರ ಇಪ್ಪತ್ತೈದರ ಹತ್ತಿರ ಇತ್ತು. ಕೀಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದರು. ಮುಳ್ಳು ನೂರು, ಎಂಬತ್ತು, ಅರವತ್ತು, ನಲವತ್ತು. ಅದೇ ನಲವತ್ತು. ಎಡಕ್ಕೆ ತಿರುಗಿಸಿದರು, ಮತ್ತೆ ನೂರ ಇಪ್ಪತ್ತೈದು. ಗ್ಯಾಸ್ ಅಷ್ಟೇ ಇತ್ತು, ಮೊದಲೂ ಅಷ್ಟೇ ಇತ್ತು. ನಾನು ಹಣ ಕೊಟ್ಟದ್ದು ಒಂದು ಕೀ ಬಲಕ್ಕೂ ಎಡಕ್ಕೂ ತಿರುಗಿದ್ದಕ್ಕೆ. ಹೆಂಡತಿ ಅದೇ ಬಾಗಿಲಲ್ಲಿ ನಿಂತಿದ್ದಳು.

ಅವರು ಹೇಳಿದ್ದನ್ನು ಹೇಳಿಬಿಡುತ್ತೇನೆ. ಏಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ, ಮುಚ್ಚಿದ ತಾಮ್ರದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿರಬೇಕು, ಸೋರಿದ ಕಡೆ ಸಾಮಾನ್ಯವಾಗಿ ಎಣ್ಣೆಯ ಜಿಡ್ಡು ಕಾಣುತ್ತದೆ, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಅದನ್ನು ಸರಿಪಡಿಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆದು, ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಎಷ್ಟು ಗ್ರಾಂ ಎಂಬುದು ಹೊರಗಿನ ಯೂನಿಟ್ಟಿನ ಚೀಟಿಯಲ್ಲೇ ಇರುತ್ತದೆ. ನಮ್ಮದರಲ್ಲಿ ಗ್ಯಾಸಿನ ಹೆಸರು ಆರ್ 32, ತೂಕ 780 ಗ್ರಾಂ ಎಂದಿದೆ. ಮೂರು ವರ್ಷ ಆ ಚೀಟಿ ನನ್ನ ಕಣ್ಣೆದುರಿಗೇ ಇತ್ತು. ಇನ್ವರ್ಟರ್ ಏಸಿಯಲ್ಲಂತೂ ಕಂಪ್ರೆಸರಿನ ವೇಗಕ್ಕೆ ತಕ್ಕಂತೆ ಒತ್ತಡ ಏರಿಳಿಯುವುದರಿಂದ ಬರೀ ಮುಳ್ಳು ನೋಡಿ ತೀರ್ಮಾನಿಸಬಾರದಂತೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋಣವೆಂದು ಕಾಗದ ಪತ್ರ ಜೋಡಿಸಲು ಕುಳಿತೆ. ಜೋಡಿಸಲು ಏನಿದೆ? ಯಾರದೋ ಖಾಸಗಿ ಹೆಸರಿಗೆ ಹೋದ ಒಂದು ಯುಪಿಐ ರಸೀದಿ. ಮೊಬೈಲಿನಲ್ಲಿ ಒಂದು ಸ್ಟಾರ್ ಕೊಟ್ಟು ನಡೆದದ್ದನ್ನೆಲ್ಲ ಬರೆದೆ. ಮೂರು ದಿನ ಫೋನ್ ಮಾಡಿದರೂ ಜಾರಿಕೊಂಡವರು ಅಂದೇ ಸಂಜೆ ತಾವಾಗಿ ಫೋನ್ ಮಾಡಿ, ‘ದೊಡ್ಡವರು ನೀವು, ಹಿಂಗೆಲ್ಲ ಬರೀಬಾರದು. 500 ವಾಪಸ್ ಹಾಕ್ತೀನಿ, ತೆಗೆದುಬಿಡಿ’ ಎಂದರು. 3,700 ಹಾಕಿ ಎಂದೆ. ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಆದ್ದರಿಂದ ಕೇಳಿ: ನಂಬರನ್ನು ವಾರಂಟಿ ಕಾರ್ಡಿನಿಂದಲೇ ತೆಗೆದುಕೊಳ್ಳಿ. ಗ್ಯಾಸ್ ಕಡಿಮೆ ಎಂದರೆ ಸೋರಿದ ಜಾಗ ತೋರಿಸು, ತಕ್ಕಡಿ ಎಲ್ಲಿ ಎಂದು ಕೇಳಿ. ಬಕೆಟ್ ನೀರು ಕೇಳಿದರೆ ನಲ್ಲಿ ತೋರಿಸಿ, ಜಾಗ ಬಿಟ್ಟು ಕದಲಬೇಡಿ. 684 ರೂಪಾಯಿ ಹೋದರೆ ಹೋಗಲಿ, ಬಿಲ್ ತೆಗೆದುಕೊಳ್ಳಿ. ಮನೆಯಾಕೆ ಏನಾದರೂ ಕೇಳಿದರೆ ಪೂರ್ತಿ ಕೇಳಿಸಿಕೊಳ್ಳಿ.

ಆ ನಂಬರು ಇವತ್ತಿಗೂ ಎಲ್ಲಕ್ಕಿಂತ ಮೇಲೇ ಕಾಣುತ್ತಿದೆ. ನಿನ್ನೆ ನೋಡಿದಾಗ ಸರ್ವೀಸ್ ದರವನ್ನು 599ರಿಂದ 399ಕ್ಕೆ ಇಳಿಸಿದ್ದರು.