ಬೀದರ್‌ನಲ್ಲಿ "ಚಿಗರಿ ಗ್ಯಾರಂಟಿ" ಅಂತ ಜೀಪು ಹತ್ತಿಸುವವರ ಜೊತೆ ಹೋಗಬೇಡಿ

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೀದರ್ ಕಡೆ ಹೊರಟವರು ದಯವಿಟ್ಟು ಇದನ್ನು ಓದಿ. ಹೋದ ದಸರಾ ರಜೆಯಲ್ಲಿ ನಾವು ಮಾಡಿದ ತಪ್ಪು ನೀವು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಕಲಬುರಗಿಯಿಂದ ಹುಮನಾಬಾದ್ ಮೇಲೆ ಹಾದು ನಮ್ಮದೇ ಕಾರಿನಲ್ಲಿ ಹೋಗಿದ್ದೆವು. ಮೊದಲ ದಿನ ಕೋಟೆ, ಅಷ್ಟೂರಿನ ಗುಂಬಜ್‌ಗಳು, ನಾನಕ್ ಝೀರಾ, ಎಲ್ಲ ಚೆನ್ನಾಗಿ ಆಯಿತು. ಸಂಜೆ ಊಟದ ಹೋಟೆಲಿನಲ್ಲಿ ಒಬ್ಬರು ಒಂದು ನಂಬರ್ ಕೊಟ್ಟು, "ನಾಳೆ ಚಿಗರಿ ನೋಡ್ಕೊಂಡು ಹೋಗ್ರಿ, ಮಕ್ಕಳು ಖುಷಿ ಆಗ್ತಾವ" ಅಂದರು. ಚಿಗರಿ ಅಂದರೆ ಕೃಷ್ಣಮೃಗ. ಫೋನ್ ಮಾಡಿದಾಗ ಜೀಪಿನ ಹುಡುಗ ಕೇಳಿದ ಮೊದಲ ಪ್ರಶ್ನೆ: "ಎಷ್ಟು ಹತ್ರ ಹೋಗಬೇಕ್ರಿ ಅಕ್ಕಾ?" ಅಲ್ಲೇ ನಮಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಎರಡೂವರೆ ಸಾವಿರಕ್ಕೆ ಒಪ್ಪಿಕೊಂಡೆವು.

ಹೋದ ಜಾಗದ ಹೆಸರು ಬರೆಯುವುದಿಲ್ಲ, ಬೇಕಂತಲೇ. ಊರ ಹೊರಗಿನ ಹುಲ್ಲುಗಾವಲು, ಪಕ್ಕದಲ್ಲಿ ತೊಗರಿ ಹೊಲ. ಮಳೆ ಮುಗಿದು ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ದಾರಿಯಿಂದಲೇ ಇಪ್ಪತ್ತರಷ್ಟು ಚಿಗರಿ ಕಂಡವು. ನಡುವೆ ಒಂದು ಗಂಡು: ಬೆನ್ನು ಕಡುಗಪ್ಪು, ಹೊಟ್ಟೆ ಬೆಳ್ಳಗೆ, ಕಣ್ಣ ಸುತ್ತ ಬಿಳಿ ಉಂಗುರ, ತಿರುಚಿಕೊಂಡು ಮೇಲೇರಿದ ಕೊಂಬು. ಅದು ತಲೆ ಎತ್ತಿ ನಮ್ಮ ಕಡೆ ನೋಡುತ್ತಾ ನಿಂತಿತ್ತು. ಅಲ್ಲೇ ಜೀಪು ನಿಲ್ಲಿಸಿ ಅರ್ಧ ಗಂಟೆ ಕೂತಿದ್ದರೆ ನಮಗೆ ಅಷ್ಟೇ ಸಾಕಾಗುತ್ತಿತ್ತು.

"ಗಟ್ಟಿ ಹಿಡ್ಕೋರಿ, ಈಗ ಜಿಗಸ್ತೀನಿ ನೋಡ್ರಿ" ಅಂದವನೇ ಜೀಪನ್ನು ದಾರಿಯಿಂದ ಹುಲ್ಲಿಗೆ ಇಳಿಸಿದ. ಹಿಂಡು ಓಡಿತು, ಒಂದೊಂದೇ ಗಾಳಿಯಲ್ಲಿ ಹಾರಿ ಹಾರಿ ಬಿದ್ದವು. ಮಕ್ಕಳು ಕೂಗಿದರು, ನಾನು ವಿಡಿಯೋ ಮಾಡಿದೆ. ಅವನು ಸುತ್ತು ಹಾಕಿ ಎದುರಿನಿಂದ ಬಂದು ಮತ್ತೆ ಓಡಿಸಿದ. ಮೂರನೇ ಸುತ್ತಿಗೆ ಒಂದು ಹೆಣ್ಣು ಹಿಂದೆ ಬಿತ್ತು. ಬಾಯಿ ತೆರೆದು, ಕುತ್ತಿಗೆ ಮುಂದೆ ಚಾಚಿ ನಿಂತುಬಿಟ್ಟಿತು. ಪಕ್ಕೆಗಳು ತಿದಿಯ ಹಾಗೆ ಏರಿಳಿಯುತ್ತಿದ್ದವು. ಜೀಪು ಹತ್ತು ಮಾರು ಹತ್ತಿರ ಬಂದರೂ ಕದಲಲಿಲ್ಲ. "ಎಷ್ಟು ಸಾಧು ಅದ ನೋಡ್ರಿ" ಅಂದ ಅವನು. ನಾವೂ ಹಾಗೇ ಅಂದುಕೊಂಡೆವು.

ಊರಿಗೆ ಬಂದ ಮೇಲೆ ಪಶುವೈದ್ಯನಾಗಿರುವ ನನ್ನ ಅಣ್ಣನಿಗೆ ಆ ವಿಡಿಯೋ ತೋರಿಸಿದೆ. ಅವನು ಪೂರ್ತಿ ನೋಡಲಿಲ್ಲ, ನಡುವೆಯೇ ಫೋನ್ ತಿರುಗಿ ಕೊಟ್ಟ. ಅದು ಸಾಧುವಾಗಿ ನಿಂತದ್ದಲ್ಲ, ಓಡಲು ಶಕ್ತಿಯೇ ಉಳಿದಿರಲಿಲ್ಲ ಅಂದ. ಚಿಗರಿ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಆದರೆ ಅದು ಸ್ವಲ್ಪ ಹೊತ್ತಿನ ಓಟ. ಬಿಡದೆ ಅಟ್ಟಿದರೆ ಸ್ನಾಯುಗಳಲ್ಲಿ ಆಮ್ಲ ತುಂಬಿ ಸ್ನಾಯುವೇ ಒಡೆಯಲು ಶುರುವಾಗುತ್ತದೆ, ಹಾಗೆ ಒಡೆದದ್ದು ರಕ್ತ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಇದಕ್ಕೆ ಕ್ಯಾಪ್ಚರ್ ಮಯೋಪತಿ ಅನ್ನುತ್ತಾರಂತೆ. ಅಟ್ಟಿದಾಗ ಬದುಕಿ ಉಳಿದಂತೆ ಕಂಡ ಪ್ರಾಣಿ ಕೆಲವು ಗಂಟೆ ಅಥವಾ ಕೆಲವು ದಿನ ಬಿಟ್ಟು ಎಲ್ಲೋ ಹುಲ್ಲಿನಲ್ಲಿ ಬಿದ್ದು ಸಾಯಬಹುದು. ಓಡಿಸಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ಆ ದಿನ ಹುಲ್ಲುಗಾವಲಿನಲ್ಲಿ ಅಷ್ಟಕ್ಕೇ ಮುಗಿಯಲಿಲ್ಲ. ಜೀಪು ತಿರುಗಿಸುವಾಗ ಅವನು ಇಳಿದು ಹುಲ್ಲಿನಿಂದ ಒಂದು ಮರಿ ಎತ್ತಿಕೊಂಡು ಬಂದ. "ತಾಯಿ ಬಿಟ್ಟು ಹೋಗ್ಯದ, ಹಿಡ್ಕೋ ಬೇಬಿ, ಫೋಟೋ ತೆಗಸ್ಕೋ" ಅಂತ ನನ್ನ ಮಗಳ ಕೈಗೆ ಕೊಟ್ಟ. ಹುಟ್ಟಿ ನಾಲ್ಕೈದು ದಿನ ಆಗಿತ್ತೇನೋ. ಮಣ್ಣಿನ ಬಣ್ಣ, ಎಲೆಯಂಥ ಕಿವಿ. ಕೂಗಲಿಲ್ಲ, ಒದ್ದಾಡಲಿಲ್ಲ. ಮಗಳು ನನ್ನ ಕಡೆ ತಿರುಗಿ, "ಅಮ್ಮಾ, ಇದರ ಎದಿ ನನ್ನ ಕೈಯಾಗ ಬಡ್ಕೊಳ್ಳಲತ್ತದ" ಅಂದಳು.

ಅಷ್ಟರಲ್ಲಿ ತೊಗರಿ ಹೊಲದಿಂದ ಒಬ್ಬ ಮುತ್ಯಾ (ಅಜ್ಜ) ಕೋಲು ಹಿಡಿದುಕೊಂಡು ಓಡಿ ಬಂದರು. ಜೀಪು ಅವರ ಎರಡು ಸಾಲು ತೊಗರಿ ತುಳಿದಿತ್ತು, ಆದರೆ ಅವರು ಮೊದಲು ನೋಡಿದ್ದು ಮರಿಯ ಕಡೆ. "ಇಡ್ರಿ ಅದನ್ನ! ಎಲ್ಲಿಂದ ಎತ್ತೀರಿ ಅಲ್ಲೇ ಇಡ್ರಿ!" ಜೀಪಿನವನು "ಎರಡು ನಿಮಿಷ ಮುತ್ಯಾ, ಬರೇ ಫೋಟೋ" ಅಂದ. "ಚಿಗರಿ ನನ್ನ ಬೆಳಿ ತಿಂತಾವ, ತಿನ್ಲಿ ಅಂತ ಬಿಟ್ಟೀನಿ. ಅವಕ್ಕ ಹೊಟ್ಟಿ ಅದ. ನಿನ್ನ ಗಾಡಿಗಿ ಹೊಟ್ಟಿ ಅದನ?" ಅಂದರು ಮುತ್ಯಾ. ಅವನು ಬಾಯಿ ಮುಚ್ಚಿಕೊಂಡ.

ತಾಯಿ ಬಿಟ್ಟು ಹೋಗಿರಲಿಲ್ಲ ಅಂತ ಮುತ್ಯಾನೇ ನಮಗೆ ಹೇಳಿದರು. ಮೊದಲ ಕೆಲವು ದಿನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ತಾಯಿ ದೂರದಲ್ಲಿ ಮೇಯುತ್ತದೆ, ಹಾಲು ಕುಡಿಸುವುದಕ್ಕಷ್ಟೇ ಬರುತ್ತದೆ. ಮರಿ ಅಲುಗಾಡದೆ ಬಿದ್ದಿರುವುದೇ ಅದಕ್ಕಿರುವ ರಕ್ಷಣೆ. ಮನುಷ್ಯರು ಅಲ್ಲಿ ನಿಂತಿದ್ದರೆ ತಾಯಿ ಹತ್ತಿರ ಬರುವುದಿಲ್ಲ. ಹುಲ್ಲು ಒತ್ತಿ ಬಟ್ಟಲಿನಂತೆ ಆಗಿದ್ದ ಜಾಗ ಹುಡುಕಿ ಮರಿಯನ್ನು ಮತ್ತೆ ಅಲ್ಲೇ ಇಟ್ಟೆವು. ಹಿಂತಿರುಗಿ ನೋಡಿದರೆ ಜೀಪಿನ ಹಿಂದೆಯೇ ಬಂದಿದ್ದ ಎರಡು ಬೀದಿ ನಾಯಿಗಳು ನಮ್ಮನ್ನೇ ನೋಡುತ್ತಾ ಕೂತಿದ್ದವು. "ನೀವು ಹೋಗ್ರಿ ತಂಗಿ, ನಾ ಇರ್ತೀನಿ" ಅಂತ ಮುತ್ಯಾ ನಾಯಿ ಓಡಿಸುತ್ತಾ ದೂರದ ಬದುವಿನ ಮೇಲೆ ಕೂತರು. ನಾವು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ ಜಾಗ ಹೇಳಿ ಹೊರಟೆವು. ಮರುದಿನ ಮುತ್ಯಾನಿಗೆ ಫೋನ್ ಮಾಡಿದೆವು. ಕತ್ತಲಾಗುವ ತನಕ ಕೂತಿದ್ದರಂತೆ, ಬೆಳಗ್ಗೆ ನೋಡಿದರೆ ಮರಿ ಇರಲಿಲ್ಲ. "ತಾಯಿ ಒಯ್ದದೋ, ನಾಯಿ ಒಯ್ದದೋ, ನಾ ಹ್ಯಾಂಗ ಹೇಳ್ಲಿ?" ಅಂದರು.

ಇದು ಬರೀ ಕೆಟ್ಟ ನಡತೆಯಲ್ಲ, ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಅಟ್ಟುವುದು, ಹಾಗೆ ಮಾಡಲು ಪ್ರಯತ್ನಿಸುವುದೂ ಬೇಟೆಯೇ. ಚಿಗರಿ ಆ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಇರುವ ಪ್ರಾಣಿ. ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಆಗಬಹುದು, ಜೊತೆಗೆ ಕನಿಷ್ಠ 25 ಸಾವಿರ ದಂಡ. "ನಾವು ದುಡ್ಡು ಕೊಟ್ಟು ಕೂತವರು, ನಮಗೇನು" ಅಂತ ಸುಮ್ಮನಿರುವಂತಿಲ್ಲ. ಗಾಡಿಯಲ್ಲಿ ನಾವೂ ಇದ್ದೆವು, ಮರಿ ನಮ್ಮ ಮಗಳ ಕೈಯಲ್ಲಿತ್ತು.

ನೋಡಲೇಬೇಡಿ ಅನ್ನುತ್ತಿಲ್ಲ. ಮಕ್ಕಳು ನೋಡಬೇಕು. ಮೊದಲು ಬೀದರ್‌ನ ಅರಣ್ಯ ಕಚೇರಿಯಲ್ಲಿ ಕೇಳಿ, ಎಲ್ಲಿಗೆ ಹೋಗಬಹುದು ಅಂತ ತಿಳಿದುಕೊಂಡು ಬೆಳಗ್ಗೆ ಬೇಗ ಹೋಗಿ. ಗಾಡಿ ದಾರಿ ಬಿಟ್ಟು ಇಳಿಯಬಾರದು. ಇಂಜಿನ್ ಆರಿಸಿ ಒಳಗೇ ಕೂತು ಕಾಯಿರಿ, ಒಂದು ದುರ್ಬೀನು ಇದ್ದರೆ ಸಾಕು. ಮೇಯುತ್ತಿದ್ದವು ಮೇವು ಬಿಟ್ಟು ಎಲ್ಲವೂ ತಲೆ ಎತ್ತಿ ನಿಮ್ಮನ್ನೇ ನೋಡಿದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಒಂಟಿ ಮರಿ ಕಂಡರೆ ಮುಟ್ಟಬೇಡಿ, ಅದರ ಹತ್ತಿರ ನಿಲ್ಲಲೂ ಬೇಡಿ.

ನಮ್ಮ ಚಿಂಚೋಳಿ ಅಭಯಾರಣ್ಯದ ಕಡೆ ಯಾರಾದರೂ ತೋಳದ ಗವಿ ತೋರಿಸುತ್ತೇನೆ ಅಂದರೂ ಒಪ್ಪಬೇಡಿ, ಮಂದಿ ಸುಳಿದಾಡಿದರೆ ತಾಯಿ ತೋಳ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಹೋಗಬೇಕಾಗುತ್ತದೆ. ಸುರಪುರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಾರುವ ಫೋಟೋ ಬೇಕು ಅಂತ ಕಲ್ಲೆಸೆಯುವವರನ್ನು ನಾನೇ ನೋಡಿದ್ದೇನೆ. ಅಷ್ಟು ದೂರ ವಾಪಸ್ ಹೋಗಲು ಅವು ಕೂಡಿಸಿಕೊಳ್ಳುತ್ತಿರುವ ಕೊಬ್ಬು ಹಾಗೆ ಎಬ್ಬಿಸಿದಾಗಲೆಲ್ಲ ಕರಗುತ್ತದೆ. ಏರಿಯ ಮೇಲೆ ನಿಂತೇ ನೋಡಿ.

ಆ ದಿನ ನಾನು ಸ್ಟೇಟಸ್‌ಗೆ ಹಾಕಿದ್ದ ವಿಡಿಯೋ ನೋಡಿ ಇಬ್ಬರು ಪರಿಚಯದವರು ಈಗಾಗಲೇ ಜೀಪಿನವನ ನಂಬರ್ ಕೇಳಿದ್ದಾರೆ. ಆ ನಂಬರ್ ಅರಣ್ಯ ಇಲಾಖೆಗೆ ಕೊಟ್ಟಿದ್ದೇನೆ, ಬೇರೆ ಯಾರಿಗೂ ಕೊಡುವುದಿಲ್ಲ. ನಿಮ್ಮ ಗುಂಪುಗಳಲ್ಲಿ ಅಂಥ ವಿಡಿಯೋ ಬಂದರೆ ಮುಂದೆ ಕಳಿಸಬೇಡಿ, ಜಾಗ ಗೊತ್ತಾದರೆ 1926ಕ್ಕೆ ತಿಳಿಸಿ.